ಮುಟ್ಟದವರು ತಿದ್ದುವುದು ಹೇಗೆ?

ನಮ್ಮೂರ ಮೇಷ್ಟ್ರು ಹೋಂವರ್ಕನ್ನು ‘ಮನೆಗೆಲಸ’ ಅನ್ನುತ್ತಿದ್ದರು. ನಮ್ಮ ಕೇರಿಯಲ್ಲಿ ಮನೆಗೆಲಸ ಅಂದ್ರೆ ಸಗಣಿ ಬಾಚೋದು, ನೀರು ಹೊರೋದು, ಅವ್ವ ಕೂಲಿಯಿಂದ ಬರೋವರೆಗೆ ತಂಗಿಯನ್ನು ಎತ್ತಿಕೊಂಡಿರೋದು. ಅದನ್ನೆಲ್ಲ ಮುಗಿಸಿಯೇ ನಾನು ಶಾಲೆಗೆ ಹೋಗುತ್ತಿದ್ದೆ. “ಯಾಕ್ಲಾ, ಮನೆಗೆಲಸ ಮಾಡಿಲ್ವಾ?” ಅಂದರು ಒಂದು ದಿನ. “ಮಾಡಿವ್ನಿ ಸಾ” ಅಂದೆ. ತರಗತಿ ನಕ್ಕಿತು. ಏಟು ಬಿತ್ತು.

ಬರೆದುಕೊಂಡು ಹೋದ ದಿನವೂ ಅವರು ನನ್ನ ಪುಸ್ತಕ ಕೈಗೆ ತಗೊಳ್ಳುತ್ತಿರಲಿಲ್ಲ. ನಾನು ನೆಲದ ಮೇಲಿಡಬೇಕು. ಅವರು ಬೆತ್ತದ ತುದಿಯಿಂದ ಹಾಳೆ ತಿರುವುತ್ತಿದ್ದರು. ಬೆತ್ತದ ತುದಿಯಲ್ಲಿ ಕೆಂಪು ಶಾಯಿ ಇರೋದಿಲ್ಲ. ನನ್ನ ತಪ್ಪುಗಳು ತಪ್ಪಾಗಿಯೇ ಉಳಿದವು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಈ ಬೆತ್ತಕ್ಕೊಂದು ಚರಿತ್ರೆಯಿದೆ.

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಆತ ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದ. ಬಂದ ಉತ್ತರದ ಸಾರ ಇಷ್ಟು: ನ್ಯಾಯ ಅರ್ಜಿದಾರನ ಕಡೆಗಿದೆ, ಆದರೆ ಒಬ್ಬನಿಗಾಗಿ ಕಾಲಕಾಲದ ಜಾತಿಭಾವನೆಯನ್ನು ಎದುರುಹಾಕಿಕೊಳ್ಳಲು ಆಗದು. ಮುಂದೆ ಮೇಲಿನವರು ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಎಂದರು, ಸರಿ. ಆದರೆ ಬಾಗಿಲು ತೆರೆಯುವುದು ಬೇರೆ, ಪುಸ್ತಕ ತೆರೆದು ನೋಡುವುದು ಬೇರೆ.

ಇದಕ್ಕೆ ಒಂದೇ ವರ್ಷ ಹಿಂದೆ, 1855ರಲ್ಲಿ, ಪುಣೆಯ ಫುಲೆ ದಂಪತಿಗಳ ಶಾಲೆಯ ಮಾಂಗ್ ಹುಡುಗಿ ಮುಕ್ತಾ ಸಾಳ್ವೆ ಒಂದು ಪ್ರಬಂಧ ಬರೆದಳು. ಮಾಂಗ್-ಮಹಾರರ ದುಃಖ ಅದರ ವಿಷಯ. ‘ಜ್ಞಾನೋದಯ’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ದಲಿತ ಹೆಣ್ಣಿನ ಬರವಣಿಗೆಯ ಮೊದಲ ಪುಟ ಅಂತ ನಾವದನ್ನು ಹೆಮ್ಮೆಯಿಂದ ಹೇಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಅದು ಶಾಲೆಯ ಹುಡುಗಿಯೊಬ್ಬಳ ಬರವಣಿಗೆ. ನಿನ್ನ ಕೇರಿಯ ದುಃಖವೂ ಬರೆಯತಕ್ಕ ವಿಷಯವೇ ಎಂಬ ಧೈರ್ಯ ಆ ಶಾಲೆಯಲ್ಲಿ ಸಿಕ್ಕಿತ್ತು. ಬರೆದದ್ದನ್ನು ಓದುವವರಿದ್ದರು. ಮಗು ಬರೆದದ್ದಕ್ಕೆ ಬೆಲೆ ಬರುವುದು ಅದನ್ನು ಕೈಗೆತ್ತಿಕೊಂಡು ಓದುವ ಮೇಷ್ಟ್ರಿಂದ.

ಅಂಬೇಡ್ಕರ್ ತರಗತಿಯಲ್ಲಿ ಬೇರೆಯಾಗಿ ಗೋಣಿತಾಟಿನ ಮೇಲೆ ಕೂರುತ್ತಿದ್ದರು. ಶಾಲೆಯ ಜವಾನ ಅದನ್ನೂ ಮುಟ್ಟುತ್ತಿರಲಿಲ್ಲವಾದ್ದರಿಂದ ದಿನಾ ಮನೆಗೆ ಹೊತ್ತೊಯ್ದು ಮರುದಿನ ತರಬೇಕಿತ್ತು. ಮುಂದೆ ಮುಂಬಯಿಯ ಪರೇಲಿನ ಒಂದೇ ಕೋಣೆಯ ಮನೆಯಲ್ಲಿ ತಂದೆ ರಾಮಜಿ ಮಗನನ್ನು ರಾತ್ರಿ ಎರಡಕ್ಕೆ ಎಬ್ಬಿಸಿ ಓದಿಗೆ ಕೂರಿಸುತ್ತಿದ್ದರು. ಈ ಕಥೆಯನ್ನು ನಮ್ಮ ಹಾಸ್ಟೆಲುಗಳಲ್ಲಿ ಛಲದ ಕಥೆಯಾಗಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಒಂದು ಮಾತು ಮರೆಯುತ್ತೇವೆ. ರಾಮಜಿಯವರು ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಆ ಬಡಮನೆಯೊಳಗೇ ಒಬ್ಬ ಗುರು ಇದ್ದ. ಅಕ್ಷರ ತಿಳಿದ ಅಪ್ಪನೂ ದೀಪವೂ ಇಲ್ಲದ ಮನೆಯ ಮಗುವಿಗೆ ಮನೆಪಾಠ ಕೊಟ್ಟರೆ, ಮೇಷ್ಟ್ರು ಅಳೆಯುವುದು ಮಗುವನ್ನಲ್ಲ, ಮನೆಯನ್ನು. ಮತ್ತೆ ಆ ಮನೆ ಹಾಗಿರುವುದಕ್ಕೆ ಮಗುವಿಗೆ ಏಟು!

ಏಕಲವ್ಯನನ್ನು ನಾವು ಎಷ್ಟೋ ಸಲ ನೆನೆದಿದ್ದೇವೆ. ಅವನು ಶಾಲೆಯೇ ಇಲ್ಲದೆ ಮನೆಪಾಠ ಮುಗಿಸಿದವನು. ದ್ರೋಣ ಅದನ್ನು ನೋಡಿದ್ದು ಒಂದೇ ಸಲ, ಹೆಬ್ಬೆರಳು ಕೇಳುವುದಕ್ಕೆ.

ಈಗ ಕಾನೂನು ನಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಬೇಕಾದರೆ ಹೆಚ್ಚಿನ ಪಾಠ ಹೇಳುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. 17ನೇ ಕಲಮು ಏಟನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2020ರ ಶಾಲಾ ಚೀಲದ ನೀತಿ ಎರಡನೇ ತರಗತಿಯವರೆಗೆ ಮನೆಪಾಠವೇ ಬೇಡ ಎಂದಿದೆ. ಎಲ್ಲಾ ಸರಿ. ಧಾರವಾಡದ ಹುಡುಗನ ಕಡೆಗೂ ನ್ಯಾಯ ಇತ್ತಲ್ಲ!

ಇಷ್ಟೆಲ್ಲ ಹೇಳುವ ನಾನೂ ಮೇಷ್ಟ್ರಾದವನು. ಒಂದು ದಿನ ಆರನೇ ತರಗತಿಯ ಹುಡುಗಿಯೊಬ್ಬಳು ಲೆಕ್ಕ ಅರ್ಧ ಬಿಟ್ಟು ಬಂದಿದ್ದಳು. ಕಾರಣ ಕೇಳದೆ ಹೊರಗೆ ನಿಲ್ಲಿಸಿದೆ. ನಮ್ಮ ಜನರದೇ ಮಗು. ನನ್ನ ಕೈಯಲ್ಲಿ ಬೆತ್ತ ಇರಲಿಲ್ಲ ಅಷ್ಟೇ. ಸಂಜೆ ಏನೋ ಚುಚ್ಚಿ ಅವಳ ಕೇರಿಗೆ ಹೋದೆ. ಜಗುಲಿಯ ಮೇಲೆ ತಮ್ಮನನ್ನು ತೊಡೆಯಲ್ಲಿಟ್ಟುಕೊಂಡು ಬರೆಯುತ್ತಿದ್ದಳು. “ನಿನ್ನೇನೂ ಬರೀತಿದ್ದೆ ಸಾ, ಕತ್ಲಾಗೋಯ್ತು” ಅಂದಳು. ಪುಸ್ತಕ ಇಸ್ಕೊಂಡು ನೋಡಿದೆ. ಬೆಳಕಿದ್ದಷ್ಟು ಲೆಕ್ಕ ಎಲ್ಲವೂ ಸರಿ ಇದ್ದವು. ನನ್ನ ಮೇಷ್ಟ್ರ ಬೆತ್ತದ ತುದಿ ಕಣ್ಣಿಗೆ ಬಂತು. ಅವರು ಮುಟ್ಟದೆ ಮಾಡಿದ್ದನ್ನು ನಾನು ನೋಡದೆ ಮಾಡಿದ್ದೆ.

ಮಾರನೇ ದಿನದಿಂದ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ತರಗತಿಗೆ ಬೀಗ ಹಾಕಲಿಲ್ಲ. ತಮ್ಮ ತಂಗಿಯರನ್ನು ಎತ್ತಿಕೊಂಡೇ ಬಂದರು. ಮನೆಪಾಠ ಅಲ್ಲೇ ಮುಗಿಯಿತು, ಅಲ್ಲೇ ತಿದ್ದಿದೆ. ಇದೇನು ಕ್ರಾಂತಿಯಲ್ಲ, ಸಂಬಳಕ್ಕೆ ಸೇರಿದ ಕೆಲಸ.

ಮೇಷ್ಟ್ರುಗಳಾಗಿರುವ, ಆಗಲಿರುವ ಗೆಳೆಯರೆ, ನಾಳೆ ಯಾರನ್ನಾದರೂ ಎಬ್ಬಿಸಿ ನಿಲ್ಲಿಸುವ ಮೊದಲು ಅವರ ಪುಸ್ತಕ ಕೈಗೆ ತಗೊಳ್ಳಿ. ಅರ್ಧಕ್ಕೆ ನಿಂತ ಲೆಕ್ಕ ಯಾಕೆ ಅಲ್ಲಿಗೆ ನಿಂತಿತು ಅಂತ ಕೇಳಿ.