ನೀಲಗಿರಿ ಮರದ ಹೆಸರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳಲ್ಲಿ ಯೂಕಲಿಪ್ಟಸ್ ವೃಕ್ಷಕ್ಕೆ ನೀಲಗಿರಿಯೆಂದೇ ಹೆಸರು. ಈ ಹೆಸರನ್ನು ನೆಚ್ಚಿ, ಮರವು ನೀಲಗಿರಿ ಬೆಟ್ಟದಿಂದ ಮೈಸೂರು ಸೀಮೆಗೆ ಇಳಿದುಬಂದಿತೆನ್ನುವುದು ಕಾಲಕ್ರಮಕ್ಕೆ ಒಪ್ಪುವುದಿಲ್ಲ. ಆ ಬೆಟ್ಟಗಳಲ್ಲಿ ಇದನ್ನು ನೆಟ್ಟುದು 1843ರಲ್ಲಿ. ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಟಿಪ್ಪು ಸುಲ್ತಾನನು ನಂದಿದುರ್ಗದ ತೋಟದಲ್ಲಿ ಬೆಳೆಸಿದುದಾದರೋ 1790ರ ಸುಮಾರಿನಲ್ಲೆಂದು ಅರಣ್ಯಶಾಸ್ತ್ರಜ್ಞರು ಬರೆದಿರುವರು.

ಇಂಗ್ಲಿಷರು ಆಸ್ಟ್ರೇಲಿಯದಲ್ಲಿ ನೆಲಸಿದುದೇ 1788ರಲ್ಲಿ. ಎರಡೇ ವರ್ಷಗಳಲ್ಲಿ ಅವರ ಶತ್ರುವಿಗೆ ಬೀಜವು ದೊರೆತುದು ಹೇಗೆ? ಅದೇ 1788ರಲ್ಲಿ ಸುಲ್ತಾನನ ರಾಯಭಾರಿಗಳು ಪ್ಯಾರಿಸಿನಲ್ಲಿದ್ದು, ಫ್ರೆಂಚ್ ದೊರೆಯಿಂದ ಗಿಡಬೀಜಗಳನ್ನೂ ತೋಟಗಾರರನ್ನೂ ಬೇಡಿದ್ದರು. ಮೊಗ್ಗಿನ ಮುಚ್ಚಳವನ್ನು ಕಂಡು, ‘ಚೆನ್ನಾಗಿ ಮುಚ್ಚಿದುದು’ ಎಂಬರ್ಥದ ಗ್ರೀಕ್ ಹೆಸರನ್ನು ವೃಕ್ಷಕ್ಕೆ ಇಟ್ಟ ಲೆರಿಟಿಯೇ ಎಂಬ ಸಸ್ಯಶಾಸ್ತ್ರಜ್ಞನೂ ಫ್ರೆಂಚನೇ. ರಾಜಧಾನಿಯ ಸಮೀಪದಲ್ಲಿಯೇ, ಇಂದು ಪಾಂಡವಪುರವೆನಿಸಿದ ಹಿರೋಡೆಯು ಫ್ರೆಂಚ್ ಸೈನಿಕರ ಬೀಡಾಗಿ ‘ಫ್ರೆಂಚ್ ರಾಕ್ಸ್’ ಎಂಬ ಹೆಸರನ್ನು ಪಡೆದಿದ್ದಿತು. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಬೀಜವು ಫ್ರೆಂಚರ ಮೂಲಕ ಬಂದಿತೆಂಬ ಊಹೆಯೇ ಯುಕ್ತವಾಗಿ ತೋರುತ್ತದೆ.

ಹೆಸರು ಮಾತ್ರ ಬೆಟ್ಟಕ್ಕೆ ಸಂದಿತೇಕೆ? ಎಲೆಯಿಂದ ಬಟ್ಟಿಯಿಳಿಸಿದ ನೆಗಡಿಯ ಎಣ್ಣೆಯು ನೀಲಗಿರಿಯಿಂದಲೇ ಊರೂರಿಗೆ ಬಂದುದರಿಂದ, ಎಣ್ಣೆಯ ಹೆಸರೇ ಮರಕ್ಕೂ ಆಗಿರಬೇಕು. ನಂದಿದುರ್ಗದ ಮರಗಳ ಸಂತತಿಯನ್ನು ಅರಣ್ಯಶಾಸ್ತ್ರಜ್ಞರು ಇಂದಿಗೂ ‘ಮೈಸೂರು ಗಮ್’ ಎಂದೇ ಕರೆಯುವರು.