ಪ್ರೋಬಯಾಟಿಕ್ ಪೂರಕಗಳು ಮತ್ತು ದೇಹತೂಕ

ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ತರುವ ಜೀವಂತ ಸೂಕ್ಷ್ಮಾಣುಗಳಿಗೆ ಪ್ರೋಬಯಾಟಿಕ್ ಎಂದು ಹೆಸರು. ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಕೊಟ್ಟ ಈ ವ್ಯಾಖ್ಯೆಯಲ್ಲಿ ‘ಜೀವಂತ’ ಮತ್ತು ‘ತಕ್ಕ ಪ್ರಮಾಣ’ ಎಂಬ ಮಾತುಗಳೇ ತಿರುಳು. ಅವನ್ನು ಮರೆತರೆ ಹುಳಿ ಬಂದ ತಿನಿಸೆಲ್ಲ ಪ್ರೋಬಯಾಟಿಕ್ ಎನಿಸಿಕೊಂಡುಬಿಡುತ್ತದೆ.

ಅಧಿಕ ತೂಕದ ವಯಸ್ಕರಲ್ಲಿ ಇವುಗಳ ಪರಿಣಾಮ ಇದೆಯಾದರೂ ಅಲ್ಪ. ಜಪಾನಿನಲ್ಲಿ 87 ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಗ್ಯಾಸೆರಿಯ ಒಂದು ತಳಿ ಬೆರೆತ ಹುದುಗಿಸಿದ ಹಾಲನ್ನು 12 ವಾರ ಕುಡಿದವರ ತೂಕ ಸರಾಸರಿ ಶೇ. 1.4ರಷ್ಟು ಇಳಿಯಿತು. 957 ಜನರನ್ನೊಳಗೊಂಡ 15 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಹುಸಿ ಔಷಧಿ ಪಡೆದವರಿಗಿಂತ ಹೆಚ್ಚಾಗಿ ಕಂಡ ಇಳಿಕೆ ಸುಮಾರು 0.6 ಕಿಲೋ ಮಾತ್ರ. ಒಂದು ತಳಿಯ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸುವಂತಿಲ್ಲ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ತಳಿ, ಪ್ರಮಾಣ, ಜೀವಂತಿಕೆಗಳ ಈ ಮಾತು ಅಡುಗೆಮನೆಯಿಂದಲೇ ಅರ್ಥವಾಗುತ್ತದೆ. ಕಾಯಿಸಿ ಉಗುರುಬೆಚ್ಚಗೆ ಆರಿಸಿದ ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಹೆಚ್ಚಿದಂತೆ ಕೇಸಿನ್ ಎಂಬ ಪ್ರೋಟೀನು ಗಟ್ಟಿಗೊಂಡು ಹಾಲು ಮೊಸರಾಗುತ್ತದೆ. ಮನೆಯ ಹೆಪ್ಪು ಹಲವು ಬಗೆಯ ಸೂಕ್ಷ್ಮಾಣುಗಳ ಬೆರಕೆ. ಅದು ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಬದಲಾಗುವುದರಿಂದ ಅದರ ತಳಿಯನ್ನಾಗಲಿ ಸಂಖ್ಯೆಯನ್ನಾಗಲಿ ಹೇಳಲಾಗದು. ರಾಗಿ ಅಂಬಲಿ ಆರಿದ ಮೇಲೆ ಬೆರೆಸಿದ ಮಜ್ಜಿಗೆಯಲ್ಲಿ ಈ ಸೂಕ್ಷ್ಮಾಣುಗಳು ಜೀವಂತವಾಗಿರುತ್ತವೆ. ಅದೇ ಮಜ್ಜಿಗೆಯನ್ನು ರುಬ್ಬಿದ ತೆಂಗಿನಕಾಯಿಯೊಂದಿಗೆ ಕುದಿಸಿ ಮಜ್ಜಿಗೆ ಹುಳಿ ಮಾಡಿದರೆ ಹುಳಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಯ ಹಾದಿ ಇದಕ್ಕೆ ತದ್ವಿರುದ್ಧ: ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಒಳಗಿನ ನೀರು ಇಂಗುವಂತೆ ಮಾಡುವ ಈ ಕ್ರಮದಲ್ಲಿ ಸೂಕ್ಷ್ಮಾಣುಗಳಿಗೆ ಬೇಕಾದ ತೇವವೇ ಉಳಿಯುವುದಿಲ್ಲ. ಒಣಕೊಬ್ಬರಿಯಲ್ಲಿ ಮೂರನೇ ಎರಡರಷ್ಟು ಎಣ್ಣೆಯೇ ಇದ್ದು, 100 ಗ್ರಾಂನಿಂದ ಸುಮಾರು 660 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ. ಹೀಗಾಗಿ ಈ ಸೀಮೆಯಲ್ಲಿ ತೂಕದ ಲೆಕ್ಕ ಹಾಕುವವರು ಕ್ಯಾಪ್ಸೂಲಿಗಿಂತ ಮೊದಲು ತುರಿಮಣೆಯತ್ತ ನೋಡುವುದು ಲೇಸು.

ಇನ್ನು ಮಾರಾಟದ ಸರಕಿನ ಮಾತು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಪ್ರೋಬಯಾಟಿಕ್ ಆಹಾರಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿದವು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳು ದಿನದ ಸೇವನೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣುಗಳಿರಬೇಕೆಂದು ವಿಧಿಸಿದವು.