ಮೂವತ್ತೈದರ ಗೆರೆಯಾಚೆಗಿನ ಕಲಿಕೆ: ಸಂಡೂರು–ಹೊಸಪೇಟೆ ಸೀಮೆಯ ಮಹಿಳಾ ದುಡಿಮೆಯ ಒಂದು ಅಧ್ಯಯನ

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯತಂಡದ ಮೂರನೆಯ ಸಭೆ ಸೇರಿತ್ತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಆಗ ಗಿನ್ನೆಸ್ ದಾಖಲೆ ಸೇರಿತು. ಅದಕ್ಕೂ ಮೊದಲೇ, 2010ರಲ್ಲಿ, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತ್ತು. ಸಂಖ್ಯೆ, ಪ್ರಶಸ್ತಿ ಎಲ್ಲವೂ ಸಂತೋಷದ ಸಂಗತಿಗಳೇ. ಆದರೆ ದುಡಿಮೆಯ ಅಧ್ಯಯನ ಮಾಡುವವರು ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಹೆಣ್ಣುಮಕ್ಕಳು ಕೆಲಸವನ್ನು ಯಾವ ವಯಸ್ಸಿನಲ್ಲಿ ಕಲಿತರು, ಕಲಿಯುವ ದಿನಗಳ ಕೂಲಿಯನ್ನು ಯಾರು ಕೊಟ್ಟರು?

ಕಾನೂನಿನ ಪ್ರಕಾರ ವಯಸ್ಸು ಅಡ್ಡಿಯಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಕನಿಷ್ಠ ವಯಸ್ಸನ್ನು 14 ಎಂದು, ಅಪಾಯಕಾರಿ ಉದ್ದಿಮೆಗಳಿಗೆ 18 ಎಂದು ಗೊತ್ತುಮಾಡಿದೆ. ಗರಿಷ್ಠ ಮಿತಿಯನ್ನು ಹೇಳಿಲ್ಲ. ಮಿತಿ ಬಂದದ್ದು ಹಣದ ಬಾಗಿಲಿನಿಂದ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯ ಎರಡನೆಯ ಹಂತದಲ್ಲಿ ಸರ್ಕಾರದ ಸ್ಟೈಪೆಂಡ್ ನೆರವು 14ರಿಂದ 35 ವರ್ಷದವರಿಗೆ ಮಾತ್ರ. ಈ ಗೆರೆ ಗಂಡಸಿಗೂ ಹೆಂಗಸಿಗೂ ಒಂದೇ ಎಂದು ಕಾಣುತ್ತದೆ. ಬದುಕಿನಲ್ಲಿ ಅದು ಒಂದೇ ಅಲ್ಲ. 2023–24ರ ಕಾರ್ಮಿಕ ಬಲ ಸಮೀಕ್ಷೆಯಂತೆ 15 ದಾಟಿದ ಪುರುಷರಲ್ಲಿ ಶೇ 78.8 ಮಂದಿ ದುಡಿಮೆಯ ಲೆಕ್ಕಕ್ಕೆ ಬಂದರೆ, ಮಹಿಳೆಯರಲ್ಲಿ ಶೇ 41.7 ಮಂದಿ. ಹಳ್ಳಿಯ ಹೆಣ್ಣು ಹೊರಗಿನ ದುಡಿಮೆಗೆ ಹೆಚ್ಚಾಗಿ ಇಳಿಯುವುದು ಇಪ್ಪತ್ತರ ಹರೆಯದಲ್ಲಲ್ಲ. ಮದುವೆ, ಬಾಣಂತನ, ಮಕ್ಕಳ ಲಾಲನೆ ಒಂದು ಹದಕ್ಕೆ ಬಂದ ಮೇಲೆ, ಮೂವತ್ತೈದರ ಆಸುಪಾಸಿನಿಂದ ಮುಂದೆ. ಅವಳ ಕಲಿಕೆಗೆ ಬಿಡುವು ಸಿಗುವ ಹೊತ್ತಿಗೆ ಸರಿಯಾಗಿ ನೆರವು ಮುಗಿದಿರುತ್ತದೆ.

ಸಂಡೂರಿನ ಗಣಿಗಳಲ್ಲಿ ಈ ಮಾತು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅದಿರನ್ನು ಕೈಯಿಂದ ಒಡೆದು, ಆರಿಸಿ, ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವ ಕಾಲದಲ್ಲಿ ಹೆಂಗಸರ ದುಡಿಮೆ ಇಲ್ಲದೆ ಗಣಿ ನಡೆಯುತ್ತಿರಲಿಲ್ಲ. ದೋಣಿಮಲೆಯಂಥ ಕಡೆ 1970ರ ದಶಕದಲ್ಲೇ ಯಂತ್ರ ಬಂತು, ಉಳಿದೆಡೆಗೆ ನಿಧಾನವಾಗಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ಶುರುವಾದಾಗ ಕೆಲಸ ಎಕ್ಸ್‌ಕವೇಟರ್ ಮತ್ತು ಟಿಪ್ಪರ್‌ಗಳದ್ದು, ಅವುಗಳ ಸೀಟಿನಲ್ಲಿ ಕೂತವರು ಗಂಡಸರು. ಇದಕ್ಕೆ ಹೆಣ್ಣಿನ ಅಂಜಿಕೆಯನ್ನು ಕಾರಣವಾಗಿ ಕೊಡುವವರು 1952ರ ಗಣಿ ಕಾಯ್ದೆಯನ್ನೊಮ್ಮೆ ಓದಬೇಕು. ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ, ಅದೂ ನೆಲದ ಮೇಲೆ ಮಾತ್ರ ಹೆಂಗಸರಿಗೆ ಕೆಲಸ ಕೊಡಬಹುದೆಂಬ ನಿಯಮ 2019ರವರೆಗೆ ಸಡಿಲವಾಗಲಿಲ್ಲ. ಯಂತ್ರ ಶಿಫ್ಟ್ ಲೆಕ್ಕದಲ್ಲಿ ಓಡುತ್ತದೆ. ರಾತ್ರಿ ಪಾಳಿಗೆ ಬರಲಾಗದವರಿಗೆ ಯಂತ್ರ ಕಲಿಸಲು ಯಾವ ಗುತ್ತಿಗೆದಾರನೂ ಮುಂದಾಗುವುದಿಲ್ಲ. ಹೆಣ್ಣಿನ ರಕ್ಷಣೆಗೆಂದು ಬರೆದ ನಿಯಮವೇ ಅವಳನ್ನು ಕೌಶಲದಿಂದ ದೂರ ಇಟ್ಟಿತು.

ಕಂಪ್ಲಿಯ ಗದ್ದೆಗಳಲ್ಲಿಯೂ ಬಹುಮಟ್ಟಿಗೆ ಇದೇ ಕಥೆ. ಭತ್ತದ ನಾಟಿ ಇಂದಿಗೂ ಬಹುಪಾಲು ಹೆಂಗಸರ ಗುಂಪಿನ ಕೆಲಸ. ಕೊಯ್ಲು ಯಂತ್ರದ ಪಾಲಾಗಿದೆ, ಯಂತ್ರ ಗಂಡಸರ ಪಾಲಾಗಿದೆ.

ಕಸೂತಿಯ ವಿಷಯಕ್ಕೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಇಲ್ಲಿ ವಯಸ್ಸಾದವರೇ ಬಲ್ಲವರು. ತಾಂಡಾದ ಹುಡುಗಿ ಅಜ್ಜಿಯ ಮಗ್ಗುಲಲ್ಲಿ ಕೂತು ಮೊದಲು ದಾರ ಪೋಣಿಸುವುದು, ಆಮೇಲೆ ಅಂಚು, ಕೊನೆಗೆ ಕನ್ನಡಿ ಕೂಡಿಸುವುದು, ಹೀಗೆ ಕೈ ಪಳಗಿಸಿಕೊಳ್ಳುತ್ತಿದ್ದಳು. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಗ್ರಂಥದಲ್ಲಿ ಯುಕಾಟಾನಿನ ಸೂಲಗಿತ್ತಿಯರು, ಲೈಬೀರಿಯಾದ ದರ್ಜಿಗಳು ಮೊದಲಾದವರನ್ನು ಮುಂದಿಟ್ಟುಕೊಂಡು ಇದನ್ನೇ ತೋರಿಸಿದರು: ಕಸುಬಿನವರ ಬಳಗದ ಅಂಚಿನಲ್ಲಿ ನಿಂತು, ಸಣ್ಣಪುಟ್ಟ ಕೆಲಸ ಮಾಡುತ್ತ, ನಡುವಿಗೆ ಬರುವುದೇ ಕಲಿಕೆ. ಲಂಬಾಣಿ ಉಡುಪು ದಿನಬಳಕೆಯಿಂದ ಹಿಂದೆ ಸರಿಯತೊಡಗಿದಾಗ ಆ ಅಂಚೇ ಕಿರಿದಾಯಿತು. 1988ರಲ್ಲಿ ಸ್ಥಾಪನೆಯಾದ ಕುಶಲ ಕಲಾ ಕೇಂದ್ರ ಅದನ್ನು ಮತ್ತೆ ಅಗಲ ಮಾಡಿತು. 600ಕ್ಕೂ ಹೆಚ್ಚು ಮಹಿಳೆಯರು, ಸುಮಾರು 20 ಸ್ವಸಹಾಯ ಗುಂಪುಗಳು ಅದರ ಆಸರೆಯಲ್ಲಿ ಬೆಳೆದಿವೆ; 2004 ಮತ್ತು 2012ರಲ್ಲಿ ಯುನೆಸ್ಕೊದ ಕರಕುಶಲ ಶ್ರೇಷ್ಠತಾ ಮುದ್ರೆಯೂ ಬಂದಿದೆ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಹೊಲಿಗೆ ಬಲ್ಲ ನಲವತ್ತರ ಹೆಂಗಸಿಗೂ ಮಾರುಕಟ್ಟೆಯ ಕಸೂತಿ ಹೊಸ ವಿದ್ಯೆಯೇ. ತನ್ನ ಮೈಗೆ, ತನ್ನ ಮಗಳ ಮದುವೆಗೆ ಹೊಲಿಯುವಾಗ ಬಣ್ಣ ಅವಳದೇ, ಅವಸರವೂ ಅವಳದೇ. ಆರ್ಡರ್‌ಗೆ ಹೊಲಿಯುವಾಗ ಅಳತೆ, ಒಂದೇ ತೆರನಾದ ನೂರು ತುಂಡುಗಳು, ಹಿಂಬದಿಯ ಅಚ್ಚುಕಟ್ಟುತನ, ತಪ್ಪಿಸಲಾಗದ ಗಡುವು. ಇದು ನಿಜವಾದ ಅಪ್ರೆಂಟಿಸ್‌ಶಿಪ್. ಆದರೂ ‘ಅವರಿಗೆ ಹುಟ್ಟಿನಿಂದಲೇ ಬರುತ್ತದೆ’ ಎಂಬ ಮಾತು ಇದನ್ನು ಮರೆಮಾಡುತ್ತದೆ. ಪೀಸಿನ ಲೆಕ್ಕದಲ್ಲಿ ಹಣ ಎಣಿಸುವ ಯಾವುದೇ ಕಸುಬಿನಲ್ಲಿ, ಕಲಿಯುವ ಕೈ ನಿಧಾನವಾದ್ದರಿಂದ ಕಲಿಕೆಯ ಖರ್ಚು ಕಲಿಯುವವಳ ಮೇಲೆಯೇ ಬೀಳುತ್ತದೆ. ಪಕ್ಕದವಳಿಗೆ ಹೇಳಿಕೊಟ್ಟ ಅಜ್ಜಿಯ ಗಂಟೆಗಳು ಯಾವ ವಹಿಗೂ ಏರುವುದಿಲ್ಲ.

ತುಂಗಭದ್ರಾ ಹೊಳೆಯಾಚೆಗಿನ ಆನೆಗೊಂದಿಯಲ್ಲಿ ಬಾಳೆನಾರಿನ ಕೆಲಸ ಇನ್ನೊಂದು ಬಗೆ. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ಬಾಳೆಗಿಡವನ್ನು ಪಟ್ಟೆ ಪಟ್ಟೆಯಾಗಿ ಸುಲಿದು, ಒಣಗಿಸಿ, ಹುರಿ ಹೊಸೆದು ಚೀಲ, ಚಾಪೆ, ಬುಟ್ಟಿ ಮಾಡುವುದನ್ನು ಕಿಷ್ಕಿಂದಾ ಟ್ರಸ್ಟ್ ಊರ ಹೆಂಗಸರಿಗೆ ಕಲಿಸಿತು. ಸಂಡೂರಿನ ಕಸೂತಿಯಂತೆ ಇದು ತಾಯಿಯಿಂದ ಬಂದ ವಿದ್ಯೆಯಲ್ಲ. ಕೂಲಿಗೆ ಹೋಗುತ್ತಿದ್ದವರು, ಮನೆ ನೋಡಿಕೊಂಡಿದ್ದವರು ಮೊದಲ ಹುರಿಯಿಂದಲೇ ಆರಂಭಿಸಿದರು. ನಡುವಯಸ್ಸಿನಲ್ಲಿ ಹೊಸ ಕಸುಬು ಕೂರುವುದಿಲ್ಲ ಎನ್ನುವ ವಾದಕ್ಕೆ ಈ ಹೆಂಗಸರ ಕೈಗಳೇ ಉತ್ತರ.

ಇಂಗ್ಲೆಂಡ್ 2004ರಲ್ಲಿ ಅಪ್ರೆಂಟಿಸ್‌ಗಳಿಗಿದ್ದ 25ರ ಮಿತಿಯನ್ನು ತೆಗೆಯಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಹೊಸದಾಗಿ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ವಯಸ್ಸು ದಾಟಿದವರು. ಆದರೂ ಹೆಂಗಸರು ಆರೈಕೆ, ಶಿಶುಪಾಲನೆಯ ಕಡೆಗೆ, ಗಂಡಸರು ಎಂಜಿನಿಯರಿಂಗ್, ಕಟ್ಟಡದ ಕಡೆಗೆ ಹರಿದುಹೋದರು. ವಯಸ್ಸಿನ ಬೇಲಿ ತೆಗೆದರೆ ಲಿಂಗದ ಬೇಲಿ ತಾನಾಗಿ ಬೀಳುವುದಿಲ್ಲ.

ನಮ್ಮಲ್ಲಿ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಗರಿಷ್ಠ ವಯಸ್ಸನ್ನು ಹೇಳದೆ, ತರಬೇತಿಯ ದಿನಕ್ಕೆ 500 ರೂಪಾಯಿ ಕೊಡುತ್ತದೆ. ಇದು ಸರಿಯಾದ ಹೆಜ್ಜೆ. ಆದರೆ ಅದರ 18 ಕಸುಬುಗಳಲ್ಲಿ ಕಲ್ಲುಕೆತ್ತನೆ, ದರ್ಜಿ ಕೆಲಸ ಇವೆ, ಕಸೂತಿ ಇಲ್ಲ. ಜೊತೆಗೆ ಒಂದು ಕುಟುಂಬಕ್ಕೆ ಒಬ್ಬರೇ ಎಂಬ ಷರತ್ತು. ಗಂಡ ಗಾರೆ ಕೆಲಸದವನು, ಹೆಂಡತಿ ಬುಟ್ಟಿ ಹೆಣೆಯುವವಳು ಎಂದಾದರೆ ಅರ್ಜಿಯಲ್ಲಿ ಯಾರ ಹೆಸರು ಬರುತ್ತದೆಂದು ಊಹಿಸುವುದು ಕಷ್ಟವಲ್ಲ.

ಹಣ ಹೊರಗಿನಿಂದ ಬರಬೇಕಾಗಿಲ್ಲ. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಗಳ ನಿಧಿ ಗಣಿಬಾಧಿತರದ್ದೇ. ಅದರ ಆದ್ಯತೆಗಳಲ್ಲಿ ಮಹಿಳೆ ಮತ್ತು ಮಕ್ಕಳ ಕಲ್ಯಾಣ ಒಂದು ತಲೆಬರಹ, ವೃದ್ಧರ ಕಲ್ಯಾಣ ಇನ್ನೊಂದು, ಕೌಶಲ ಅಭಿವೃದ್ಧಿ ಮತ್ತೊಂದು. ಅದಿರು ಹೊತ್ತು ನಡು ಬಿದ್ದ ಐವತ್ತರ ಹೆಂಗಸು ಮೊದಲೆರಡು ತಲೆಬರಹಗಳ ಕೆಳಗೆ ನೆರವು ಪಡೆಯುವವಳಾಗಿ ಕಾಣುತ್ತಾಳೆ. ಮೂರನೆಯದರ ಕೆಳಗೆ ಕಲಿಯುವವಳಾಗಿಯೂ ಕಲಿಸುವವಳಾಗಿಯೂ ಕಾಣಬೇಕು. ಆ ನಿಧಿಯಿಂದ ತಾಂಡಾದ ಸ್ವಸಹಾಯ ಗುಂಪನ್ನೇ ತರಬೇತಿ ಕೊಡುವ ಸಂಸ್ಥೆಯೆಂದು ನೋಂದಾಯಿಸಿ, ಕಲಿಯುವವಳಿಗೂ ಕಲಿಸುವವಳಿಗೂ ಪೀಸಿನ ಬದಲು ದಿನದ ಲೆಕ್ಕದಲ್ಲಿ ಕೂಲಿ ಕೊಡಬಹುದು. ಸಂಡೂರಿನ ಕಸೂತಿ ಗುಂಪುಗಳಲ್ಲಿ ಮೊದಲು ಇದನ್ನು ನಡೆಸಿ, ಕಲಿಕೆಗೆ ಹಿಡಿದ ದಿನಗಳನ್ನೂ ಕಲಿಸಿದ ಗಂಟೆಗಳನ್ನೂ ವಹಿಗೆ ಏರಿಸಿದರೆ, ಕಂಪ್ಲಿಯ ಗದ್ದೆ ಮತ್ತು ಹೊಸಪೇಟೆಯ ಹೊಲಿಗೆ ಘಟಕಗಳಿಗೂ ಅದೇ ಲೆಕ್ಕವನ್ನು ಹಿಗ್ಗಿಸಲು ಆಧಾರ ಸಿಗುತ್ತದೆ.